ಮೋರ್ಯರ ಮನಿ ಕಟ್ಟಿದವರು ಯಾರು?

1/6
ಫೋಟೋ ನೋಡಿ ಸಣ್ಣ ಮನಿ ಅಂದ್ಕೊಂಡ್ರೇನು? ಅಲ್ಲ, ಇದು ಗೋರಿ. ಕೊಪ್ಪಳ ಜಿಲ್ಲೆ, ಗಂಗಾವತಿ ತಾಲೂಕಿನ ಹಿರೇಬೆಣಕಲ್ ಊರಿನ ಗುಡ್ಡದ ಮ್ಯಾಲೆ ಇಂಥಾ ಸುಮಾರು 400 ಕಲ್ಲಿನ ಸ್ಮಾರಕ ಅದಾವು. ಕಾಲ ಕ್ರಿ.ಪೂ. 800ರಿಂದ 200. ಅಂದ್ರ ನಮ್ಮ ಬಾದಾಮಿ ಗುಹೆಗಳಿಗಿಂತ ಎಷ್ಟೋ ಹಳೇವು!

2/6
ಕೇಶ್ವಾಪುರದಿಂದ ನಾವು ಐದು ಮಂದಿ ನಸುಕಿನ್ಯಾಗ ಹೊಂಟ್ವಿ. ಗದಗ, ಕೊಪ್ಪಳ ದಾಟಿ ಗಂಗಾವತಿ ರಸ್ತೆ. ಊರಿನಿಂದ ಮುಂದ ಬಂಡೆಗಲ್ಲಿನ ದಾರಿ, ನಡದೇ ಹತ್ತಬೇಕು. ಮ್ಯಾಲೆ ಹೋದ ಮ್ಯಾಲೆ ಯಾರೂ ಮಾತಾಡ್ಲಿಲ್ಲ. ಒಂದು ಓಣಿ ಇದ್ದಂಗ ಸಾಲು ಸಾಲು ಕಲ್ಮನಿ. ಕೆಲವು ಆಳಿಗಿಂತ ಎತ್ತರ.

3/6
ಕಟ್ಟಿದ್ದು ಹೆಂಗ? ಗ್ರಾನೈಟ್ ಬಂಡೆ ಪದರ ಪದರ ಬಿಡ್ತೈತಿ. ಆ ಚಪ್ಪಡಿ ಎಬ್ಬಿಸಿ, ಸುತ್ತ ನಿಲ್ಲಿಸಿ, ಮ್ಯಾಲೆ ಒಂದು ಹೊದಿಸ್ಯಾರ. ಕೆಲವಕ್ಕ ಒಂದು ಕಲ್ಲಿನ್ಯಾಗ ದುಂಡನೆ ಕಿಂಡಿ. ಕಾಸ್ಟಿಂಗ್ ಪೇಪರ್‌ನ್ಯಾಗ ಕೇಳಿದ್ರ ಲೇಬರ್ ಖರ್ಚು ಎಷ್ಟು ಬರೀತೀರಿ? ಕ್ರೇನ್ ಇಲ್ಲ, ಲಾಭವೂ ಇಲ್ಲ. ಸತ್ತವರ ಸಲುವಾಗಿ ಇಡೀ ಊರು ಕೈ ಹಚ್ಚಿರಬೇಕು.

4/6
ಊರಿನವರು ಇದನ್ನ 'ಮೋರ್ಯರ ಮನಿ' ಅಂತಾರ. ಮೋರ್ಯರು ಅಂದ್ರ ಹಿಂದಿನ ಕಾಲದ ಕುಳ್ಳ ಜನ ಅಂತ ಕಥಿ. ಸಣ್ಣ ಮನಿ ಐತಿ, ಹಂಗಾರ ಇದ್ದವರೂ ಸಣ್ಣವರೇ! ನೆದರ್‌ಲ್ಯಾಂಡ್ಸ್‌ನ ಡ್ರೆಂಥೆ ಪ್ರಾಂತ್ಯದಾಗ ಬೋರ್ಗರ್ ಅನ್ನೋ ಸಣ್ಣ ಊರೈತಿ. ಅಲ್ಲಿನ ಕಲ್ಲಿನ ಗೋರಿಗೆ ಸುಮಾರು 5000 ವರ್ಷ. ದೊಡ್ಡ ದೊಡ್ಡ ಗುಂಡುಗಲ್ಲು ನೋಡಿ ಅಲ್ಲಿಯವರು 'ರಾಕ್ಷಸರು ಕಟ್ಟಿದ್ದು' ಅಂದ್ರು. ಇಲ್ಲಿ ಕುಳ್ಳರು, ಅಲ್ಲಿ ದೈತ್ಯರು. ನಮ್ಮಂಥಾ ಮನಷ್ಯಾರೇ ಕಟ್ಯಾರ ಅನ್ನೋದನ್ನ ಮಾತ್ರ ಎರಡೂ ಕಡೆ ನಂಬಲಿಲ್ಲ.

5/6
ಡ್ರೆಂಥೆಯೊಳಗ ಜನ ಗೋರಿ ಕಲ್ಲನ್ನೇ ಒಯ್ದು ಮಾರಾಕ ಹತ್ತಿದ್ರು. 1734ರಾಗೇ ಅಲ್ಲಿಯ ಆಡಳಿತ ಅದಕ್ಕ ನಿಷೇಧ ಹಾಕಿತು. ನಮ್ಮ ಕಡೆ ನಿಧಿ ಆಸೆಗೆ ಎಷ್ಟೋ ಕಲ್ಮನಿ ಕೆಡವ್ಯಾರ. ನಿಧಿ ಎಲ್ಲಿಂದ ಬರಬೇಕು? ಆದ್ರ ಓದೋರಿಗೆ ಇಲ್ಲಿ ನಿಜವಾದ ನಿಧಿ ಐತಿ. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅ. ಸುಂದರ ಅವರು ದಕ್ಷಿಣ ಭಾರತದ ಇಂಥಾ ಗೋರಿಗಳ ಮ್ಯಾಲೆ ದೊಡ್ಡ ಅಧ್ಯಯನ ಮಾಡಿ ಪುಸ್ತಕ ಬರದಾರ. 2021ರಾಗ ಹಿರೇಬೆಣಕಲ್ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರೇತಿ.

6/6
ಒಂದು ಮಾತು ಒಪ್ಕೋತೀನಿ. ಹೋದ ಕೂಡ್ಲೇ ನಾನೂ ಒಂದು ಚಪ್ಪಡಿ ಮ್ಯಾಲೆ ಕುಂತು ಫೋಟೋ ಹೊಡಿಸ್ಕೊಂಡೆ. ಆಮ್ಯಾಲೆ ಕಿಂಡಿಯೊಳಗ ಹಣಿಕಿ ಹಾಕಿದಾಗ ತಿಳೀತು, ನಾನು ಕುಂತಿದ್ದು ಯಾರದೋ ಅವ್ವನ, ಯಾರದೋ ಮಗನ ಗೋರಿ ಮ್ಯಾಲೆ. ನಮ್ಮ ಅಜ್ಜನ ಸಮಾಧಿ ಮ್ಯಾಲೆ ಹಿಂಗ ಕೂಡ್ತಿದ್ನೇನು? ಆ ಫೋಟೋ ಡಿಲೀಟ್ ಮಾಡೀನಿ.

ನೀವೂ ಹೋಗ್ರಿ, ನೀರು ಒಯ್ರಿ. ಹತ್ತಬ್ಯಾಡ್ರಿ, ಹೆಸರು ಕೆತ್ತಬ್ಯಾಡ್ರಿ. ನಿಮ್ಮೂರ ಕಡೆ ಮೋರ್ಯರ ಮನಿ ಇದ್ರ ಕಮೆಂಟಿನ್ಯಾಗ ಊರ ಹೆಸರು ಹಾಕ್ರಿ.

#ಹಿರೇಬೆಣಕಲ್ #ನಮ್ಮಕಡೆಇತಿಹಾಸ