ಹಗಲು ನಾಟಕದ ಪ್ರೇಕ್ಷಕರು

ಕನ್ನಡ ರಂಗಭೂಮಿಯ ಚರಿತ್ರೆ ಬರೆದವರು ಹೆಚ್ಚಾಗಿ ಸಂಜೆಯ ಪ್ರದರ್ಶನಗಳ ಲೆಕ್ಕ ಇಟ್ಟಿದ್ದಾರೆ. ಬೆಳಿಗ್ಗೆ ಹನ್ನೊಂದಕ್ಕೆ ಶಾಲೆಯ ಸಭಾಂಗಣದಲ್ಲೋ ಅಂಗಳದ ಮರದ ನೆರಳಲ್ಲೋ ಯೂನಿಫಾರ್ಮ್ ತೊಟ್ಟ ಮಕ್ಕಳೆದುರು ನಡೆದ ನಾಟಕಗಳು ಆ ಲೆಕ್ಕದೊಳಗೆ ಬಂದದ್ದು ಕಡಿಮೆ. ನಮ್ಮ ರಂಗಭೂಮಿಗೆ ನಟರನ್ನೂ ಪ್ರೇಕ್ಷಕರನ್ನೂ ಬೆಳೆಸಿಕೊಟ್ಟದ್ದರಲ್ಲಿ ಈ ಹಗಲು ನಾಟಕಗಳ ಪಾಲು ದೊಡ್ಡದು ಎಂದು ನಾನು ನಂಬಿದ್ದೇನೆ. ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಮೇಷ್ಟರಾಗಿದ್ದು, ಬಂದ ತಂಡಗಳಿಗೆ ಬೆಂಚು ಸರಿಸಿಕೊಟ್ಟು, ಊಟ ಹಾಕಿಸಿ, ಮಕ್ಕಳ ಜೊತೆ ನೆಲದ ಮೇಲೆ ಕೂತು ನಾಟಕ ನೋಡಿದವನ ನಂಬಿಕೆ ಇದು.

ಬಿ.ವಿ. ಕಾರಂತರಿಂದಲೇ ಶುರುಮಾಡಬೇಕು. ಬಂಟ್ವಾಳ ತಾಲ್ಲೂಕಿನ ಮಂಚಿಯ ಹುಡುಗ ಮೊದಲ ಬಾರಿಗೆ ಬಣ್ಣ ಹಚ್ಚಿದ್ದು ಮೂರನೇ ತರಗತಿಯಲ್ಲಿ. ಪಿ.ಕೆ. ನಾರಾಯಣ ಎಂಬವರು ಆಡಿಸಿದ ನಾಟಕ ಕುವೆಂಪು ಅವರ ‘ನನ್ನ ಗೋಪಾಲ’. ಕಾಡು ದಾಟಿ ಪಾಠಶಾಲೆಗೆ ಹೋಗಬೇಕಾದ ಬಡ ಹುಡುಗನೊಬ್ಬನ ಕಥೆ. ಆ ರುಚಿ ಬಿಡಲಿಲ್ಲ. ಹುಡುಗ ಮನೆಬಿಟ್ಟು ಗುಬ್ಬಿ ಕಂಪನಿ ಸೇರಿದ, ಗುಬ್ಬಿ ವೀರಣ್ಣನವರ ನೆರವಿನಿಂದ ಕಾಶಿಗೆ ಓದಲು ಹೋದ, ಅಲ್ಲಿಂದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ. ಮುಂದಿನದನ್ನು ಎಲ್ಲರೂ ಬಲ್ಲರು. ಆದರೆ 1969ರಿಂದ 1972ರವರೆಗೆ ಅವರು ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸುವ ಮೇಷ್ಟರಾಗಿದ್ದರು ಎಂಬುದನ್ನು ನೆನೆಯುವವರು ಕಡಿಮೆ. ‘ಏವಂ ಇಂದ್ರಜಿತ್’, ‘ಹಯವದನ’ಗಳ ನಿರ್ದೇಶಕರ ಹೆಸರಿನ ಜೊತೆ ಈ ಮಾತನ್ನೂ ಸೇರಿಸಿ ಹೇಳಬೇಕು. ಕಲ್ಲು, ಕೋಲು, ಚಿಪ್ಪು, ಕೈಗೆ ಸಿಕ್ಕಿದ್ದರಲ್ಲೆಲ್ಲ ನಾದ ಹುಡುಕುತ್ತಿದ್ದ ಅವರ ರಂಗಸಂಗೀತ ಮಕ್ಕಳಿಗೆ ಅಷ್ಟು ಬೇಗ ಒಲಿದದ್ದರಲ್ಲಿ ಆಶ್ಚರ್ಯವಿಲ್ಲ.

ಪ್ರೇಮಾ ಕಾರಂತರ ಕೆಲಸ ಇನ್ನೂ ನೇರವಾದದ್ದು. ಅವರು ಸ್ವತಃ ಶಾಲಾ ಶಿಕ್ಷಕಿಯಾಗಿದ್ದವರು. 1979ರಲ್ಲಿ ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರ ಕಟ್ಟಿದರು. ‘ಜೈಂಟ್ ಮಾಮ’, ‘ಅಳಿಲು ರಾಮಾಯಣ’ದಂಥ ನಾಟಕಗಳನ್ನು ಮಕ್ಕಳಿಂದಲೇ ಆಡಿಸಿ ಮಕ್ಕಳಿಗೇ ತೋರಿಸಿದರು. ‘ಫಣಿಯಮ್ಮ’ ಸಿನಿಮಾದಿಂದ ಅವರ ಹೆಸರು ದೇಶಕ್ಕೆ ತಿಳಿಯಿತು, ಸರಿ. ಆದರೂ ಅವರ ನಿಜವಾದ ಸಾಧನೆಯನ್ನು ನಾನು ಈ ಮಕ್ಕಳ ಕೇಂದ್ರದಲ್ಲೇ ಕಾಣುತ್ತೇನೆ. ಮಕ್ಕಳ ನಾಟಕವೆಂದರೆ ವಾರ್ಷಿಕೋತ್ಸವದ ಒಂದು ದಿನದ ಗದ್ದಲ ಎಂದುಕೊಂಡಿದ್ದ ಕಾಲದಲ್ಲಿ, ಅದಕ್ಕೆ ವರ್ಷವಿಡೀ ತಾಲೀಮು ಬೇಕು, ಒಳ್ಳೆಯ ವಸ್ತ್ರವಿನ್ಯಾಸ ಬೇಕು, ಶ್ರುತಿ ಬೇಕು ಎಂದು ಪಟ್ಟುಹಿಡಿದವರು ಅವರು.

ಶಾಲೆಗಳಲ್ಲಿ ಆಡಿದ ನಾಟಕಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ‘ಪಂಜರಶಾಲೆ’ಯ ಹೆಸರು ಹೇಳುತ್ತೇನೆ. ರವೀಂದ್ರನಾಥ ಟಾಗೋರರ ಗಿಳಿಯ ಕಥೆಯನ್ನು ಬಿ.ವಿ. ಕಾರಂತರು ನಾಟಕ ಮಾಡಿದ್ದು. ಹಾಡಿಕೊಂಡು ಹಾರಿಕೊಂಡು ಇದ್ದ ಗಿಳಿಗೆ ವಿದ್ಯೆ ಕಲಿಸಬೇಕೆಂದು ರಾಜನ ಅಪ್ಪಣೆಯಾಗುತ್ತದೆ. ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಮೇಲ್ವಿಚಾರಕರು ಬರುತ್ತಾರೆ, ರಾಶಿ ರಾಶಿ ಪುಸ್ತಕ ಬರುತ್ತದೆ. ಪುಸ್ತಕದ ಹಾಳೆಗಳನ್ನು ಗಿಳಿಯ ಗಂಟಲಿಗೆ ತುರುಕುತ್ತಾರೆ. ಸುತ್ತ ಇದ್ದವರೆಲ್ಲ ಸಿರಿವಂತರಾಗುತ್ತಾರೆ. ಗಿಳಿಯನ್ನು ಯಾರೂ ನೋಡುವುದಿಲ್ಲ, ಅದು ಸಾಯುತ್ತದೆ. ಈ ನಾಟಕವನ್ನು ಶಾಲೆಯ ಗೋಡೆಗಳ ನಡುವೆಯೇ, ಮೇಷ್ಟರುಗಳೆಲ್ಲ ಹಿಂದಿನ ಸಾಲಿನಲ್ಲಿ ಕುಳಿತಿರುವಾಗ ಆಡುವುದೆಂದರೆ ಸಣ್ಣ ಸಂಗತಿಯಲ್ಲ. ಪಂಡಿತರ ಗತ್ತು ಕಂಡು ಮಕ್ಕಳು ನಕ್ಕು ನಕ್ಕು ಸುಸ್ತಾಗುತ್ತಾರೆ. ಗಿಳಿ ಬಿದ್ದಾಗ ನಗು ನಿಲ್ಲುತ್ತದೆ. ಆಗ ನಮ್ಮ ಸಾಲಿನ ಕಡೆ ಒಂದೆರಡು ಮಕ್ಕಳು ತಿರುಗಿ ನೋಡುವುದುಂಟು. ಆ ನೋಟ ಒಬ್ಬ ಶಿಕ್ಷಕನಿಗೆ ಕಲಿಸುವಷ್ಟನ್ನು ಯಾವ ತರಬೇತಿ ಶಿಬಿರವೂ ನನಗೆ ಕಲಿಸಿಲ್ಲ.

ನಮ್ಮ ಕಡೆಯ ಶಾಲೆಗಳಿಗೆ ಒಳ್ಳೆಯ ನಾಟಕ ಹತ್ತಿರವಾದದ್ದು ಹೆಗ್ಗೋಡಿನಿಂದ. 1949ರಲ್ಲಿ ಅಲ್ಲಿ ಹುಟ್ಟಿದ ನಾಟಕ ಸಂಘ ನೀನಾಸಮ್, 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. 1985ರಲ್ಲಿ ತಿರುಗಾಟ ಹೊರಟಿತು. ತರಬೇತಾದ ನಟರ ತಂಡ, ಒಂದು ವಾಹನದಲ್ಲಿ ರಂಗಸಜ್ಜಿಕೆ, ದೀಪ, ಪರದೆ ಹೇರಿಕೊಂಡು ಊರೂರಿಗೆ ಹೋಗಿ ಆಡುವುದು ಕೆ.ವಿ. ಸುಬ್ಬಣ್ಣನವರ ಕಲ್ಪನೆ. ಸಾಗರದ ಹಿನ್ನೀರಿನಾಚೆಯ ತುಮರಿಯಲ್ಲಿ ಕೆ.ಜಿ. ಕೃಷ್ಣಮೂರ್ತಿಯವರು ಕಟ್ಟಿದ ಕಿನ್ನರ ಮೇಳ ಮಕ್ಕಳ ನಾಟಕಗಳನ್ನೇ ಹಿಡಿದು ಶಾಲೆಗಳಿಗೆ ತಿರುಗಿತು. ಲಿಂಗನಮಕ್ಕಿ ಅಣೆಕಟ್ಟಿನಿಂದ ನೆಲ ಕಳೆದುಕೊಂಡ ಸೀಮೆ ಅದು. ಸೇತುವೆಯಾಗುವ ಮೊದಲು ಸಾಗರದತ್ತ ಬರಬೇಕೆಂದರೆ ಲಾಂಚು ಹತ್ತಬೇಕಿತ್ತು. ಅಂಥ ಮೂಲೆಯಿಂದ ಒಂದು ತಂಡ ಹೊರಟು ನಾಡಿನ ಮಕ್ಕಳನ್ನು ಹುಡುಕಿಕೊಂಡು ಹೋಯಿತೆನ್ನುವುದನ್ನು ನಾನು ಹೆಮ್ಮೆಯಿಂದ ಬರೆಯುತ್ತಿದ್ದೇನೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು ಆರಂಭಿಸಿದ ಶಿವಸಂಚಾರವೂ ಹೀಗೆ ವರ್ಷಕ್ಕೆ ಮೂರು ನಾಟಕ ಹೊತ್ತು ಹಳ್ಳಿಗಳಿಗೆ ಹೋಯಿತು.

ಹಗಲು ಪ್ರದರ್ಶನದ ಕಷ್ಟ ಆಡುವವರಿಗೇ ಗೊತ್ತು. ಕಿಟಕಿಗಳಿಗೆ ಟಾರ್ಪಾಲು ಕಟ್ಟಿ ಕತ್ತಲೆ ಮಾಡಿದರೆ ಸೆಕೆಗೆ ಮಕ್ಕಳು ಬೇಯುತ್ತಾರೆ. ತೆರೆದಿಟ್ಟರೆ ದೀಪಗಳಿಗೆ ಕೆಲಸವಿಲ್ಲ. ಕೊನೆಗೆ ಉಳಿಯುವುದು ನಟನ ಕಂಠ, ಮೈ, ಹಾರ್ಮೋನಿಯಂ, ಚಂಡೆ ಅಥವಾ ತಬಲಾ. ಎರಡನೇ ತರಗತಿಯವರು ಮುಂದೆ, ಹತ್ತನೆಯವರು ಹಿಂದೆ. ಮುಂದಿನವರಿಗೆ ಮಾತು ಅರ್ಥವಾಗಬೇಕು, ಹಿಂದಿನವರಿಗೆ ಬೇಸರ ಬರಬಾರದು. ಮಧ್ಯಾಹ್ನದ ಊಟದ ಗಂಟೆಯೊಳಗೆ ಮುಗಿಯಬೇಕು. ರಾಕ್ಷಸ ಹಿಂದಿನಿಂದ ಬರುತ್ತಿದ್ದರೆ ಇಡೀ ಸಭೆ ಕೂಗಿ ಎಚ್ಚರಿಸುತ್ತದೆ, ನಟ ಅದನ್ನು ನುಂಗಿಕೊಂಡು ಮುಂದಿನ ಮಾತು ಹೇಳಬೇಕು. ಬೇಸರವಾದರೆ ದೊಡ್ಡವರು ಸುಮ್ಮನೆ ಕೂರುತ್ತಾರೆ, ಮಕ್ಕಳು ಕೂರುವುದಿಲ್ಲ. ಈ ಸಭೆಯೆದುರು ನಿಂತು ಪಳಗಿದ ನಟ ಎಲ್ಲಿ ಬೇಕಾದರೂ ನಿಲ್ಲಬಲ್ಲ.

ಆ ಗದ್ದಲವನ್ನು ಅಡಗಿಸಲು ಕೋಲು ಹಿಡಿದು ಸಾಲುಗಳ ನಡುವೆ ಓಡಾಡುವ ಶಿಕ್ಷಕರನ್ನು ಹಲವು ಕಡೆ ಕಂಡಿದ್ದೇನೆ. ಅದು ತಪ್ಪು. ಕೂಗುವುದು ಮಕ್ಕಳು ನಾಟಕದೊಳಗೆ ಇದ್ದಾರೆ ಎಂಬುದರ ಗುರುತು. ನಾಟಕ ಮುಗಿದ ಕೂಡಲೇ ಮೈಕು ಹಿಡಿದು “ಇದರ ನೀತಿ ಏನು?” ಎಂದು ಕೇಳುವುದೂ ಅಷ್ಟೇ ತಪ್ಪು. ಮಕ್ಕಳ ಪ್ರಶ್ನೆಗಳು ಬೇರೆಯೇ ಇರುತ್ತವೆ: ಬಾಲ ಹೇಗೆ ಕಟ್ಟಿದಿರಿ, ನಿಜವಾಗಿಯೂ ಅತ್ತಿರಾ, ಗಿಳಿ ಯಾಕೆ ಓಡಿಹೋಗಲಿಲ್ಲ? ನಟರು ಬಣ್ಣ ತೊಳೆಯುವ ಮೊದಲು ಈ ಪ್ರಶ್ನೆಗಳಿಗೆ ಅರ್ಧ ಗಂಟೆ ಬಿಟ್ಟುಕೊಟ್ಟ ಶಾಲೆಗಳಲ್ಲಿ, ಮರುದಿನ ಅಂಗಳದಲ್ಲಿ ಮಕ್ಕಳೇ ಅದೇ ನಾಟಕವನ್ನು ತಮ್ಮ ಮಾತಿನಲ್ಲಿ ಆಡುತ್ತಿದ್ದರು.

ಮಕ್ಕಳಿಗೆಂದು ಬರೆದವರೂ ಈ ಚರಿತ್ರೆಯ ಪಾಲುದಾರರು. ಕುವೆಂಪು ಅವರ ಕಿಂದರಿಜೋಗಿ ಕವನವಾಗಿ ಹುಟ್ಟಿದರೂ ಎಷ್ಟೋ ಶಾಲೆಗಳ ರಂಗದ ಮೇಲೆ ಇಲಿಗಳನ್ನು ಕುಣಿಸಿದ. ವೈದೇಹಿಯವರು ‘ಧಾಂ ಧೂಂ ಸುಂಟರಗಾಳಿ’, ‘ಗೊಂಬೆ ಮ್ಯಾಕ್‌ಬೆತ್’ ಬರೆದು ಷೇಕ್ಸ್‌ಪಿಯರನನ್ನು ಮಕ್ಕಳ ಆಟದೊಳಕ್ಕೆ ಕರೆತಂದರು. ನಗರದಲ್ಲಿ ದಾರಿ ತಿರುವುಮುರುವಾಯಿತು: ನಾಟಕ ಶಾಲೆಗೆ ಬರುವ ಬದಲು ಶಾಲೆಯ ಬಸ್ಸುಗಳೇ ರಂಗಮಂದಿರಕ್ಕೆ ಬಂದವು. 2004ರಲ್ಲಿ ಜೆ.ಪಿ. ನಗರದಲ್ಲಿ ಬಾಗಿಲು ತೆರೆದ ರಂಗಶಂಕರ, ಎರಡು ವರ್ಷಗಳ ನಂತರ ಮಕ್ಕಳಿಗಾಗಿಯೇ ‘ಆಹಾ!’ ಎಂಬ ಯೋಜನೆ ಆರಂಭಿಸಿತು. ಮೈಸೂರಿನ ರಂಗಾಯಣದ ಚಿನ್ನರ ಮೇಳ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಪ್ರೇಕ್ಷಕರ ಜಾಗದಿಂದ ಎಬ್ಬಿಸಿ ರಂಗಕ್ಕೇ ಹತ್ತಿಸಿತು.

ಈಗ ಕಷ್ಟವಿರುವುದು ಹಳ್ಳಿಯ ಸರಕಾರಿ ಶಾಲೆಗಳಲ್ಲಿ. ಮಕ್ಕಳಿಂದ ಹಣ ಎತ್ತುವಂತಿಲ್ಲ, ಎತ್ತಲೂಬಾರದು. ತಂಡಕ್ಕೋ ಡೀಸೆಲ್, ಸಂಬಳ, ಊಟದ ಖರ್ಚು ತಪ್ಪುವುದಿಲ್ಲ. ಹಳೆಯ ವಿದ್ಯಾರ್ಥಿ ಸಂಘಗಳು ಗೋಡೆಗೆ ಬಣ್ಣ, ತರಗತಿಗೆ ಫ್ಯಾನು ಕೊಡಿಸುತ್ತವೆ. ಅವು ವರ್ಷಕ್ಕೊಂದು ನಾಟಕದ ಖರ್ಚನ್ನೂ ವಹಿಸಿಕೊಳ್ಳಲಿ. ಹತ್ತಿರದ ನಾಲ್ಕು ಶಾಲೆಗಳು ಸೇರಿಕೊಂಡರೆ ಒಂದೇ ದಿನ ಎರಡು ಆಟ ಆಗುತ್ತದೆ, ಹೊರೆ ಹಂಚಿಹೋಗುತ್ತದೆ. ಮಳೆಗಾಲ ಕಳೆದು ತಂಡಗಳು ತಿರುಗಾಟಕ್ಕೆ ಹೊರಡುವ ಮೊದಲೇ, ದಸರಾ ರಜೆಗೆ ಮುಂಚೆ ದಿನಾಂಕ ಗೊತ್ತುಮಾಡಿಕೊಳ್ಳಬೇಕು. ಜನವರಿಯ ನಂತರ ಕೇಳಿದರೆ ಪರೀಕ್ಷೆ ಅಡ್ಡ ಬರುತ್ತದೆ.