‘ಅಮೆರಿಕ ಫಸ್ಟ್’: ಒಂದು ಘೋಷಣೆಯ ಚರಿತ್ರೆ

‘ಅಮೆರಿಕ ಫಸ್ಟ್’ ಎಂದರೆ ಅಮೆರಿಕವೇ ಮೊದಲು. ಈ ಘೋಷಣೆ ಇಂದು ಡೊನಾಲ್ಡ್ ಟ್ರಂಪ್ ಹೆಸರಿಗೆ ಅಂಟಿಕೊಂಡಿದ್ದರೂ ಅದಕ್ಕೆ ನೂರು ವರ್ಷ ದಾಟಿದೆ. ಅದನ್ನು ಅಧ್ಯಕ್ಷರ ಬಾಯಿಂದ ಮೊದಮೊದಲು ದೇಶಕ್ಕೆ ಕೇಳಿಸಿದವರು, ಮುಂದೆ ರಾಷ್ಟ್ರಗಳ ಒಕ್ಕೂಟವಾದ ಲೀಗ್ ಆಫ್ ನೇಷನ್ಸ್‌ಗಾಗಿ ಹೋರಾಡಿದ ವುಡ್ರೋ ವಿಲ್ಸನ್. 1915ರ ಏಪ್ರಿಲ್‌ನಲ್ಲಿ, ಯುರೋಪಿನಲ್ಲಿ ಮಹಾಯುದ್ಧ ನಡೆಯುತ್ತಿದ್ದಾಗ, ಅವರು ನ್ಯೂಯಾರ್ಕ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್‌ನವರ ಎದುರು ಮಾತನಾಡಿದರು. ಈಗ ಯಾರ ಪಕ್ಷವನ್ನೂ ವಹಿಸದೆ ಅಮೆರಿಕ ತನ್ನನ್ನು ಕಾಪಾಡಿಕೊಂಡರೆ ಕಷ್ಟಕಾಲದಲ್ಲಿ ಯುರೋಪಿನ ಗೆಳೆಯನಾಗಿ ನಿಲ್ಲಬಲ್ಲದು ಎಂಬುದು ಆ ಭಾಷಣದ ತಾತ್ಪರ್ಯ. ಅಲ್ಲಿ ‘ಮೊದಲು’ ಎಂಬುದಕ್ಕೆ ‘ಆಮೇಲೆ’ ಎಂಬುದೂ ಇತ್ತು.

ಆ ‘ಆಮೇಲೆ’ ಬೇಗನೆ ಕಳಚಿಹೋಯಿತು. 1920ರ ಚುನಾವಣೆಯಲ್ಲಿ ವಾರೆನ್ ಹಾರ್ಡಿಂಗ್ ಇದೇ ಘೋಷಣೆಯನ್ನು ವಿಲ್ಸನ್ ನೀತಿಗೆ ಎದುರಾಗಿ ಹಿಡಿದು ಗೆದ್ದರು. ಬಿಳಿಯರ ಶ್ರೇಷ್ಠತೆ ಸಾರುತ್ತಿದ್ದ ಕೂ ಕ್ಲಕ್ಸ್ ಕ್ಲಾನ್ ಸಂಘಟನೆ ಕೂಡ ಅದನ್ನು ತನ್ನದಾಗಿಸಿಕೊಂಡಾಗ ಹೊರಗಿನಿಂದ ಬಂದವರ ಮೇಲಿನ ದ್ವೇಷವೂ ಅದಕ್ಕೆ ಸೇರಿತು.

1940ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹುಟ್ಟುಹಾಕಿದ ‘ಅಮೆರಿಕ ಫಸ್ಟ್ ಸಮಿತಿ’ ಘೋಷಣೆಯನ್ನು ಸಂಘಟನೆಯಾಗಿ ಬೆಳೆಸಿತು. ಸುಮಾರು 8 ಲಕ್ಷ ಸದಸ್ಯರಿದ್ದ ಸಮಿತಿಯಲ್ಲಿ ಹಿಂದಿನ ಯುದ್ಧದ ಸಾವುನೋವು ಮರೆಯದ ಪ್ರಾಮಾಣಿಕ ಶಾಂತಿವಾದಿಗಳೂ ಇದ್ದರು. ಅವರ ಭಯವನ್ನು ಹಗುರವಾಗಿ ಕಾಣಲಾಗದು. ಆದರೆ ಅದರ ಪ್ರಮುಖ ವಾಗ್ಮಿ, ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್, 1941ರ ಸೆಪ್ಟೆಂಬರ್ 11ರಂದು ಡೆ ಮೊಯಿನ್‌ನಲ್ಲಿ ಮಾತನಾಡುತ್ತ, ದೇಶವನ್ನು ಯುದ್ಧಕ್ಕೆ ನೂಕುತ್ತಿರುವವರು ಬ್ರಿಟಿಷರು, ಯಹೂದಿಗಳು ಮತ್ತು ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರ ಎಂದರು. ಆ ಕಳಂಕ ಘೋಷಣೆಯಿಂದ ಇಂದಿಗೂ ತೊಳೆದುಹೋಗಿಲ್ಲ.

ರೂಸ್‌ವೆಲ್ಟ್ ಕೂಡ ದೇಶದ ಹಿತದ ಹೆಸರಿನಲ್ಲೇ ವಾದಿಸಿದ್ದರು ಎಂಬುದು ಮುಖ್ಯ. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ತೋಟಕ್ಕೆ ನೀರುಣಿಸುವ ಪೈಪನ್ನು ಕೊಡುವವನು ಮೊದಲು ಅದರ ಬೆಲೆ ಕೇಳುವುದಿಲ್ಲ ಎಂದು 1940ರ ಡಿಸೆಂಬರ್‌ನಲ್ಲಿ ಅವರು ಪತ್ರಕರ್ತರಿಗೆ ಹೇಳಿದರು. ಬೆಂಕಿ ಆರಿದರೆ ಪೈಪು ಕೊಟ್ಟವನ ಮನೆಯೂ ಉಳಿಯುತ್ತದೆ. ಬ್ರಿಟನ್ನಿಗೆ ಶಸ್ತ್ರಾಸ್ತ್ರ ಒದಗಿಸಿದ ಲೆಂಡ್–ಲೀಸ್ ಕಾಯ್ದೆಗೆ ಈ ವಾದವೇ ದಾರಿ ಮಾಡಿತು. ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿ ಅಮೆರಿಕವೂ ಯುದ್ಧಕ್ಕಿಳಿದ ಕೆಲವೇ ದಿನಗಳಲ್ಲಿ ‘ಅಮೆರಿಕ ಫಸ್ಟ್ ಸಮಿತಿ’ ಬಾಗಿಲು ಮುಚ್ಚಿತು. ಯುದ್ಧಾನಂತರ ಪಶ್ಚಿಮ ಯುರೋಪಿಗೆ ಸುಮಾರು 1,300 ಕೋಟಿ ಡಾಲರ್ ಹರಿಸಿದ ಮಾರ್ಷಲ್ ಯೋಜನೆಯೂ ಬರೀ ದಾನವಲ್ಲ: ಅಮೆರಿಕದ ಸರಕಿಗೆ ಕೊಳ್ಳುವವರು ಬೇಕಿತ್ತು, ಕಮ್ಯುನಿಸಂಗೆ ತಡೆ ಬೇಕಿತ್ತು. ಸ್ವಹಿತ ಒಂದು ಕಡೆ, ಜಗತ್ತಿನೊಡನೆ ಒಡನಾಟ ಇನ್ನೊಂದು ಕಡೆ ಎಂಬ ಸರಳ ವಿಂಗಡಣೆ ಇಲ್ಲಿ ನಿಲ್ಲುವುದಿಲ್ಲ.

ಶೀತಲ ಸಮರ ಮುಗಿದ ಮೇಲೆ, 1992ರಲ್ಲಿ ರಿಪಬ್ಲಿಕನ್ ನಾಯಕ ಪ್ಯಾಟ್ ಬುಕ್ಯಾನನ್ ಘೋಷಣೆಗೆ ಮತ್ತೆ ಜೀವ ಕೊಟ್ಟರು. 2017ರ ಜನವರಿ 20ರಂದು ಅದು ಟ್ರಂಪ್ ಅವರ ಪ್ರಮಾಣವಚನ ಭಾಷಣಕ್ಕೆ ಬಂತು. ಅದೇ ವರ್ಷ ಪ್ಯಾರಿಸ್ ಹವಾಮಾನ ಒಪ್ಪಂದದಿಂದ ಹೊರನಡೆಯುವ ನಿರ್ಧಾರವೂ ಬಂತು. ಅಮೆರಿಕ ಮೊದಲು ಎಂದರೆ ಅಮೆರಿಕ ಒಂಟಿ ಎಂದಲ್ಲ ಎಂದು 2018ರಲ್ಲಿ ದಾವೋಸ್‌ನಲ್ಲಿ ಅವರೇ ಸ್ಪಷ್ಟನೆ ಕೊಟ್ಟರು. ಎರಡನೆಯ ಅವಧಿಯಲ್ಲಿ ಮಾತು ಇನ್ನಷ್ಟು ಬಿಗಿಯಾಯಿತು. 2025ರಲ್ಲಿ ನೆರವು ಸಂಸ್ಥೆ ಯುಎಸ್‌ಏಡ್ ಮುಚ್ಚಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ವಿದೇಶಿ ನೌಕರರಿಗೆ ಕೊಡುವ ಎಚ್–1ಬಿ ವೀಸಾದ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಪ್ರಕಟವಾದಾಗ, ಘೋಷಣೆಯ ಬಿಸಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೂ ತಟ್ಟಿತು.