ಬಾಯಲ್ಲಿ ಮೊದಲು, ಕೈಯಲ್ಲಿ ಕೊನೆಗೆ: ಕನಕಗಿರಿ ಮೀಸಲು ಕ್ಷೇತ್ರದಲ್ಲಿ ಸಂಪ್ರದಾಯನಿಷ್ಠ ಅಭ್ಯರ್ಥಿಯ ಆದ್ಯತೆಗಳು

ಕನಕಗಿರಿ ವಿಧಾನಸಭಾ ಕ್ಷೇತ್ರದೊಳಗೆ ಎರಡು ನಾಡುಗಳಿವೆ. ಕಾರಟಗಿಯ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು, ಅಕ್ಕಿ ಗಿರಣಿಗಳು, ಆಂಧ್ರದಿಂದ ಬಂದು ನೆಲೆನಿಂತವರ ಕ್ಯಾಂಪುಗಳು. ಹುಲಿಹೈದರದ ಕಡೆ ಹೊರಳಿದರೆ ಗುಡ್ಡ, ಮಸಾರಿ ಹೊಲ, ಸಜ್ಜೆ, ತೊಗರಿ, ಕುರಿಹಿಂಡು. ಮಳೆ ಕೈಕೊಟ್ಟ ವರ್ಷ ಇಲ್ಲಿನ ಮನೆಗಳು ಅರೆಬರಿದಾಗುತ್ತವೆ. ಗಂಡ ಹೆಂಡತಿ ಇಬ್ಬರೂ ಗಂಟುಮೂಟೆ ಕಟ್ಟಿ ಗುಳೆ ಹೋಗುತ್ತಾರೆ, ಮುದುಕರೂ ಮಕ್ಕಳೂ ಊರಲ್ಲಿ ಉಳಿಯುತ್ತಾರೆ. ಈ ಎರಡೂ ನಾಡುಗಳ ಮುಂದೆ ಒಬ್ಬನೇ ಅಭ್ಯರ್ಥಿ ಒಂದೇ ಮಾತು ಹಿಡಿದು ನಿಲ್ಲಬೇಕು. ಆ ಮಾತಿನಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಈ ಲೇಖನದ ವಿಷಯ.

‘ಸಂಪ್ರದಾಯನಿಷ್ಠ’ ಎಂಬ ಪದವನ್ನು ಇಲ್ಲಿ ಭಾರತೀಯ ಜನತಾ ಪಕ್ಷದ ಉಮೇದುವಾರರಿಗೆ ಬಳಸಿದ್ದೇನೆ. ಊರ ಕಟ್ಟೆಯ ಮೇಲೆ ಯಾರೂ ಹೀಗೆ ಹೇಳುವುದಿಲ್ಲ. ಅಲ್ಲಿ ‘ಕಮಲದವರು’ ಅಂದರೆ ಸಾಕು. ಆದರೂ ಧರ್ಮ, ಗೋವು, ದೇವಸ್ಥಾನ, ವೈಯಕ್ತಿಕ ಕಾನೂನು ಇವನ್ನು ರಾಜಕಾರಣದ ನಡುಮನೆಗೆ ತಂದ ಪಕ್ಷವನ್ನು ಅಧ್ಯಯನದ ಭಾಷೆಯಲ್ಲಿ ಬೇರೆ ಹೆಸರಿನಿಂದ ಕರೆಯುವುದು ಕಷ್ಟ.

2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಕನಕಗಿರಿ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಆ ವರ್ಷ ಶಿವರಾಜ ತಂಗಡಗಿ ಪಕ್ಷೇತರರಾಗಿ ಗೆದ್ದು ಬಿ.ಎಸ್. ಯಡಿಯೂರಪ್ಪನವರ ಸರ್ಕಾರಕ್ಕೆ ಬೆಂಬಲ ಕೊಟ್ಟು ಮಂತ್ರಿಯಾದರು; 2010ರಲ್ಲಿ ಬಂಡೆದ್ದು ಅನರ್ಹಗೊಂಡರು; 2011ರಲ್ಲಿ ಸುಪ್ರೀಂ ಕೋರ್ಟ್ ಆ ಅನರ್ಹತೆಯನ್ನು ತೆಗೆದುಹಾಕಿತು. 2013ರಲ್ಲಿ ಅವರು ಕಾಂಗ್ರೆಸ್ಸಿನಿಂದ ಗೆದ್ದರು. 2018ರಲ್ಲಿ ಬಿಜೆಪಿಯ ಬಸವರಾಜ ದಢೇಸುಗೂರು, 2023ರಲ್ಲಿ ಮತ್ತೆ ತಂಗಡಗಿ. ಜಿಲ್ಲೆಯ ಉಳಿದ ಕ್ಷೇತ್ರಗಳ ಮತದಾರರೂ ಸುಲಭಕ್ಕೆ ಒಬ್ಬರಿಗೇ ಕಟ್ಟುಬಿದ್ದವರಲ್ಲ. ಕುಷ್ಟಗಿ 2008ರಿಂದ ದೊಡ್ಡನಗೌಡ ಪಾಟೀಲರನ್ನೂ ಅಮರೇಗೌಡ ಬಯ್ಯಾಪುರ ಅವರನ್ನೂ ಸರದಿಯ ಮೇಲೆ ಕಳಿಸುತ್ತ ಬಂದಿದೆ. ಇಂಥ ಕಡೆ ಸಿದ್ಧಾಂತವೊಂದನ್ನೇ ನೆಚ್ಚಿಕೊಂಡು ಯಾವ ಉಮೇದುವಾರನೂ ಕಣಕ್ಕಿಳಿಯಲಾರ.

ಆದ್ದರಿಂದಲೇ ನೀರು ಮೊದಲು. ಕಾರಟಗಿ ಭಾಗದ ಗದ್ದೆಬದುವಿನ ಮೇಲೆ ನಿಂತರೆ ಈ ಮಾತಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಮೊದಲ ಬೆಳೆ ಕಟಾವಾಗಿ ಹುಲ್ಲಿನ ಬುಡ ಮಾತ್ರ ಉಳಿದಿರುತ್ತದೆ. ರೈತನ ಕಣ್ಣು ಕಾಲುವೆಯ ತೂಬಿನ ಮೇಲೆ, ಕಿವಿ ಮುನಿರಾಬಾದಿನ ನೀರಾವರಿ ಸಲಹಾ ಸಮಿತಿ ಸಭೆಯ ಸುದ್ದಿಯ ಮೇಲೆ. ಎರಡನೇ ಬೆಳೆಗೆ ನೀರು ಉಂಟೋ ಇಲ್ಲವೋ? ಸಸಿಮಡಿ ಹಾಕುವುದು, ಲಾವಣಿ ಹಿಡಿದ ಹೊಲಕ್ಕೆ ಹಣ ಕಟ್ಟುವುದು, ಕೂಲಿಯವರಿಗೆ ಮುಂಗಡ ಕೊಡುವುದು ಎಲ್ಲವೂ ಈ ಉತ್ತರಕ್ಕೆ ಕಾದಿರುತ್ತವೆ. 1953ರಲ್ಲಿ ನೀರು ನಿಂತಾಗ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ, ಹೂಳು ತುಂಬಿ ಈಗ 105.788 ಟಿಎಂಸಿಗೆ ಇಳಿದಿದೆ. ಕಳೆದುಹೋದ ಈ 27 ಟಿಎಂಸಿಯೇ ಮೂರು ದಶಕಗಳ ರಾಜಕೀಯ ಭರವಸೆಗಳ ಬೇರು.

ಆ ಕೊರತೆ ತುಂಬಲೆಂದು ಸೂಚಿತವಾದದ್ದು ಇದೇ ಕ್ಷೇತ್ರದ ನವಲಿ ಬಳಿಯ ಸಮತೋಲನ ಜಲಾಶಯ. ದಢೇಸುಗೂರು ಶಾಸಕರಾಗಿದ್ದ ಅವಧಿಯಲ್ಲೇ, ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ತಮ್ಮ 2022–23ರ ಆಯವ್ಯಯದಲ್ಲಿ ಇದಕ್ಕೆ 1,000 ಕೋಟಿ ರೂಪಾಯಿ ಘೋಷಿಸಿದರು. ಪಕ್ಷದ ಪಾಲಿಗೆ ಇದಕ್ಕಿಂತ ದೊಡ್ಡ ಸ್ಥಳೀಯ ಮಾತು ಇರಲಿಲ್ಲ. ಆದರೆ ತುಂಗಭದ್ರಾ ಮೂರು ರಾಜ್ಯಗಳ ನದಿ. ಅಣೆಕಟ್ಟಿನ ಆಡಳಿತ ತುಂಗಭದ್ರಾ ಮಂಡಳಿಯದು. ಆಂಧ್ರಪ್ರದೇಶ, ತೆಲಂಗಾಣಗಳ ಒಪ್ಪಿಗೆಯಿಲ್ಲದೆ ಯೋಜನೆ ಕದಲುವುದಿಲ್ಲ. ಅಂದರೆ ಅಭ್ಯರ್ಥಿಯ ಪಟ್ಟಿಯ ಮೊದಲ ಆದ್ಯತೆ ವಿಧಾನಸಭೆಯ ಕೈಗೆ ಸಂಪೂರ್ಣವಾಗಿ ಎಟುಕದ ಆದ್ಯತೆ. ಕುಷ್ಟಗಿ, ಯಲಬುರ್ಗಾಗಳಲ್ಲಿ ಇದೇ ಜಾಗದಲ್ಲಿ ಕೃಷ್ಣಾ ಮೇಲ್ದಂಡೆಯ ಮೂರನೇ ಹಂತದ ಕೊಪ್ಪಳ ಏತ ನೀರಾವರಿ ಇದೆ. ಅದರ ಕೀಲಿಯೂ ದೂರದಲ್ಲಿದೆ: ಆಲಮಟ್ಟಿಯ ಎತ್ತರವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಬೇಕು, ಅದಕ್ಕೆ ಎರಡನೇ ಕೃಷ್ಣಾ ನ್ಯಾಯಮಂಡಳಿಯ ತೀರ್ಪು ಅಧಿಸೂಚನೆಯಾಗಬೇಕು.

ನವಲಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಜಲಾಶಯದಲ್ಲಿ ನೀರು ನಿಲ್ಲಬೇಕಾದದ್ದು ಖುಷ್ಕಿ ಹೊಲಗಳ ಮೇಲೆ. ನೀರು ಹರಿಯಬೇಕಾದದ್ದು ಎಡದಂಡೆಯ ಭತ್ತಕ್ಕೆ. ಒಂದೇ ಕ್ಷೇತ್ರದಲ್ಲಿ ಒಬ್ಬರ ಎರಡನೇ ಬೆಳೆ, ಇನ್ನೊಬ್ಬರ ಇದ್ದೊಂದು ಹೊಲ. ಪ್ರಚಾರದ ಮಾತಿನಲ್ಲಿ ನವಲಿ ಯಾವಾಗಲೂ ‘ಜಿಲ್ಲೆಯ ಭಾಗ್ಯ’ವಾಗಿಯೇ ಬರುತ್ತದೆ, ಭೂಮಿ ಕೊಡಬೇಕಾದವರು ಆ ವಾಕ್ಯದೊಳಗೆ ಕಾಣುವುದಿಲ್ಲ. ಸಂಪ್ರದಾಯವನ್ನು ಕಾಯುತ್ತೇವೆ ಎನ್ನುವ ರಾಜಕಾರಣ ಮೊದಲು ಕಾಯಬೇಕಾದದ್ದು ಅಜ್ಜ ಮುತ್ತಜ್ಜರಿಂದ ಬಂದ ಹೊಲವನ್ನಲ್ಲವೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಪುನರ್ವಸತಿಯ ಮಾತು ಜಲಾಶಯದ ಮಾತಿನ ಜೊತೆಜೊತೆಗೇ ಬರಬೇಕಿತ್ತು.

ಎರಡನೆಯ ಸ್ತರದಲ್ಲಿ ದೇವರು. ಆನೆಗೊಂದಿ ಬಳಿಯ ಅಂಜನಾದ್ರಿ, 575 ಮೆಟ್ಟಿಲುಗಳ ಬೆಟ್ಟ, ಪಕ್ಕದ ಗಂಗಾವತಿ ಕ್ಷೇತ್ರದಲ್ಲಿದ್ದರೂ ಇಡೀ ಜಿಲ್ಲೆಯ ಪ್ರಚಾರದ ಮೇಲೆ ಅದರ ನೆರಳಿದೆ. 2021ರಲ್ಲಿ ತಿರುಮಲ ತಿರುಪತಿ ದೇವಸ್ಥಾನವು ಹನುಮನ ಜನ್ಮಸ್ಥಳ ತಿರುಮಲೆಯ ಅಂಜನಾದ್ರಿ ಎಂದು ಸಾರಿದ ಮೇಲೆ ಇಲ್ಲಿನವರ ಅಭಿಮಾನ ಇನ್ನೂ ಗಟ್ಟಿಯಾಯಿತು. 2022–23ರ ಆಯವ್ಯಯದಲ್ಲಿ ಬೆಟ್ಟದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಬಂತು. 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ ತನ್ನ ಪ್ರಣಾಳಿಕೆಯಲ್ಲಿ ಬಜರಂಗ ದಳದ ಹೆಸರೆತ್ತಿದಾಗ ಬಿಜೆಪಿಯ ಪ್ರಚಾರವೆಲ್ಲ ಬಜರಂಗಬಲಿಯ ಕಡೆ ತಿರುಗಿತು. ಆದರೆ ಹನುಮನ ನೆಲದಲ್ಲೇ ಫಲ ಸಿಗಲಿಲ್ಲ. ಗಂಗಾವತಿಯಲ್ಲಿ ಗೆದ್ದವರು ಆಗಷ್ಟೇ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಕಟ್ಟಿದ್ದ ಜಿ. ಜನಾರ್ದನ ರೆಡ್ಡಿ, ಜಿಲ್ಲೆಯಲ್ಲಿ ಬಿಜೆಪಿಗೆ ಉಳಿದದ್ದು ಕುಷ್ಟಗಿ ಒಂದೇ. 2024ರ ಮಾರ್ಚಿನಲ್ಲಿ ರೆಡ್ಡಿ ತಮ್ಮ ಪಕ್ಷವನ್ನು ಬಿಜೆಪಿಯಲ್ಲಿ ವಿಲೀನಗೊಳಿಸಿದರು.

ಬೆಟ್ಟದ ಹನುಮನ ಜೊತೆಗೆ ಊರ ಹನುಮನನ್ನೂ ನೋಡಬೇಕು. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬದ ಪುಟ್ಟ ಮಗುವೊಂದು ಮಾರುತಿ ಗುಡಿಯೊಳಗೆ ಓಡಿಹೋಯಿತು. ಶುದ್ಧೀಕರಣಕ್ಕೆಂದು ತಂದೆಯಿಂದ 25,000 ರೂಪಾಯಿ ಕೇಳಿದರು. ಪ್ರಕರಣ ದಾಖಲಾಯಿತು, ಬಂಧನಗಳಾದವು. ದೇವಸ್ಥಾನವನ್ನು ಆದ್ಯತೆ ಮಾಡಿಕೊಂಡ ಪಕ್ಷ ಮೀಸಲು ಕ್ಷೇತ್ರದಲ್ಲಿ ನಿಲ್ಲಿಸುವ ಉಮೇದುವಾರ ಆ ಗುಡಿಯ ಹೊಸ್ತಿಲ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರ. ಮೆಟ್ಟಿಲು, ರೋಪ್‌ವೇ, ಯಾತ್ರಿ ನಿವಾಸಗಳಿಗೆ ಆಯವ್ಯಯದಲ್ಲಿ ಶೀರ್ಷಿಕೆ ಸಿಗುತ್ತದೆ; ಊರ ಗುಡಿಯ ಹೊಸ್ತಿಲಿಗೆ ಸಿಗುವುದಿಲ್ಲ.

ಇನ್ನು ವಿಧಾನಸಭೆ ನಿಜವಾಗಿ ಮಾಡಿ ಮುಗಿಸಿದ ಕೆಲಸಗಳು. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಇದಕ್ಕೆ ನೇರ ಉದಾಹರಣೆ. 1964ರ ಹಳೆಯ ಕಾಯ್ದೆ 12 ವರ್ಷ ದಾಟಿದ ಅಥವಾ ಕೆಲಸಕ್ಕೆ ಬಾರದ ಎತ್ತನ್ನು ಅನುಮತಿಯ ಮೇಲೆ ಕಸಾಯಿಗೆ ಬಿಡುತ್ತಿತ್ತು. ಹೊಸದು 13 ವರ್ಷ ದಾಟಿದ ಎಮ್ಮೆ ಕೋಣಗಳನ್ನು ಬಿಟ್ಟು ಉಳಿದೆಲ್ಲವನ್ನೂ ನಿಷೇಧಿಸಿತು. ಮೂರರಿಂದ ಏಳು ವರ್ಷದ ಶಿಕ್ಷೆಯನ್ನೂ ಇಟ್ಟಿತು. ಈ ಆದ್ಯತೆ ರಾಜ್ಯದ ಅಧಿಕಾರದೊಳಗಿನದು, ಬೇಗ ಈಡೇರಿತು. ಆದರೆ ಒಣ ಬೇಸಾಯದ ಹಳ್ಳಿಯಲ್ಲಿ ಮುದಿ ಎತ್ತು ಮಾರಿದ ಹಣ ಹೊಸ ಹೋರಿಯ ಮುಂಗಡವಾಗುತ್ತಿತ್ತು. ಎತ್ತಿನ ಪೂಜೆ ಮಾಡಿ ಕಾರಹುಣ್ಣಿಮೆ ಆಚರಿಸುವ ರೈತನೇ ಸಂತೆಗೂ ಹೋಗುವವನು. ಈ ಎರಡನ್ನೂ ಒಟ್ಟಿಗೆ ಕಾಣದ ಕಾನೂನಿಗೆ ಹಳ್ಳಿಯ ಒಳಗಿನಿಂದ ಒಪ್ಪಿಗೆ ಸಿಗುವುದು ಕಷ್ಟ. ಹುಲಿಹೈದರದಂಥ ಕಡೆ ವೇದಿಕೆ ಮೇಲೆ ನೀರಿನ ಮಾತಿನಷ್ಟು ಎತ್ತರದ ದನಿಯಲ್ಲಿ ಇದು ಕೇಳಿಬರದಿರುವುದಕ್ಕೆ ಕಾರಣ ಇಲ್ಲಿದೆ ಎಂಬುದು ನನ್ನ ಓದು.

2023ರ ಮೇ 1ರಂದು ಬಿಡುಗಡೆಯಾದ ಬಿಜೆಪಿಯ ‘ಪ್ರಜಾ ಪ್ರಣಾಳಿಕೆ’ ಏಕರೂಪ ನಾಗರಿಕ ಸಂಹಿತೆಯನ್ನೂ, ಬಡ ಕುಟುಂಬಕ್ಕೆ ಯುಗಾದಿ, ಗಣೇಶ ಚತುರ್ಥಿ, ದೀಪಾವಳಿಗೆ ಒಂದೊಂದು ಉಚಿತ ಸಿಲಿಂಡರನ್ನೂ, ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲನ್ನೂ ಒಂದೇ ಪುಸ್ತಕದಲ್ಲಿ ಇಟ್ಟಿತು. ಎದುರಿಗೆ ಕಾಂಗ್ರೆಸ್ಸಿನ ಐದು ಗ್ಯಾರಂಟಿಗಳಿದ್ದವು. ಗುಳೆ ಹೋಗುವ ಮನೆಗಳ ಹೆಣ್ಣುಮಕ್ಕಳು ಆ ಗ್ಯಾರಂಟಿಗಳಲ್ಲೊಂದಾದ ತಿಂಗಳ 2,000 ರೂಪಾಯಿಯನ್ನೂ ಹಬ್ಬದ ಸಿಲಿಂಡರನ್ನೂ ತೂಗಿನೋಡಿದ್ದರೆ ಅದು ಸಹಜವಾದ ವಿವೇಕ.

ಎಲ್ಲಕ್ಕಿಂತ ಆಳವಾಗಿ ಕ್ಷೇತ್ರವನ್ನು ಮುಟ್ಟಿದ್ದು ಮೀಸಲಾತಿ. 2022ರಲ್ಲಿ ಪರಿಶಿಷ್ಟ ಜಾತಿಯ ಪಾಲು ಶೇ 15ರಿಂದ 17ಕ್ಕೆ, ಪರಿಶಿಷ್ಟ ಪಂಗಡದ್ದು ಶೇ 3ರಿಂದ 7ಕ್ಕೆ ಏರಿತು. ವಾಲ್ಮೀಕಿ ನಾಯಕರು ದೊಡ್ಡ ಸಂಖ್ಯೆಯಲ್ಲಿರುವ ಈ ಸೀಮೆಯಲ್ಲಿ ಇದು ಸಣ್ಣ ಸಂಗತಿಯಲ್ಲ. 2023ರ ಮಾರ್ಚ್ 24ರಂದು ಸಂಪುಟವು ಪರಿಶಿಷ್ಟ ಜಾತಿಯ 17ನ್ನು ಎಡಗೈಗೆ 6, ಬಲಗೈಗೆ 5.5, ಬೋವಿ–ಲಂಬಾಣಿ–ಕೊರಚ–ಕೊರಮರಿಗೆ 4.5, ಉಳಿದವರಿಗೆ 1 ಎಂದು ಹಂಚಿತು. ಜೊತೆಗೇ ಮುಸ್ಲಿಮರ ಶೇ 4ನ್ನು ತೆಗೆದು ಒಕ್ಕಲಿಗರಿಗೂ ಲಿಂಗಾಯತರಿಗೂ ಎರಡೆರಡು ಕೊಟ್ಟಿತು. ಮೂರೇ ದಿನದಲ್ಲಿ ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಮನೆ ಮುಂದೆ ಲಂಬಾಣಿಗರ ಪ್ರತಿಭಟನೆ ಹೊತ್ತಿತು. ಮೀಸಲು ಕ್ಷೇತ್ರದ ಅಭ್ಯರ್ಥಿಗೆ ಇದು ನೇರ ಇಕ್ಕಟ್ಟು: ಒಂದು ಕೇರಿಯಲ್ಲಿ ಸಾಧನೆ ಎಂದು ಹೇಳಿದ್ದನ್ನು ಮುಂದಿನ ತಾಂಡಾದಲ್ಲಿ ಸಮರ್ಥಿಸಿಕೊಳ್ಳಬೇಕು. ಕೈಯಲ್ಲಿದ್ದ ಅಧಿಕಾರದಿಂದ ಆದದ್ದು ಬಾಯಲ್ಲಿ ಹಿಂದಕ್ಕೆ ಸರಿಯುತ್ತದೆ. ಕೈಗೆ ಪೂರ್ತಿ ಎಟುಕದ ನೀರು ಮುಂದೆ ಬರುತ್ತದೆ.

ಹುಲಿಹೈದರದಲ್ಲೇ 2022ರ ಆಗಸ್ಟ್ 11ರಂದು ಎರಡು ಸಮುದಾಯಗಳ ನಡುವೆ ಹೊಡೆದಾಟವಾಗಿ ಎರಡೂ ಕಡೆಯ ಒಬ್ಬೊಬ್ಬರು ಜೀವ ಕಳೆದುಕೊಂಡರು. ಊರಿನಲ್ಲಿ ನಿಷೇಧಾಜ್ಞೆ ಬಂತು. ಮರುವರ್ಷದ ಬಿಜೆಪಿ ಪ್ರಣಾಳಿಕೆಯಲ್ಲಿ ‘ಅಭಯ’ ಎಂಬ ಶೀರ್ಷಿಕೆ ಇತ್ತು. ಅಂಥ ಊರಿನಲ್ಲಿ ಅಭಯವೆಂದರೆ ಒಂದೇ ಬಾವಿಕಟ್ಟೆ, ಒಂದೇ ಸಂತೆ ಬಳಸುವ ಎರಡು ಓಣಿಗಳಿಗೂ ಸಲ್ಲಬೇಕಾದ ಮಾತು. ಕ್ಷೇತ್ರಮಟ್ಟದ ಆದ್ಯತೆಗಳನ್ನು ಅಧ್ಯಯನ ಮಾಡುವವರು ನೀರು, ಮೀಸಲಾತಿಗಳಷ್ಟೇ ಶ್ರದ್ಧೆಯಿಂದ ಇದನ್ನೂ ನೋಡಬೇಕು.

ಸರ್ಕಾರ ಬದಲಾದ ಮೇಲೂ ನವಲಿಯ ಹೆಸರು ಆಯವ್ಯಯ ಭಾಷಣಗಳಲ್ಲಿ ಉಳಿಯಿತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ಎಡದಂಡೆಯ ರೈತರು ಪಕ್ಷಭೇದವಿಲ್ಲದೆ ನಿದ್ದೆಗೆಟ್ಟರು. ಒಳಮೀಸಲಾತಿಯ ಲೆಕ್ಕವನ್ನು 2025ರ ಆಗಸ್ಟಿನಲ್ಲಿ ಸಿದ್ದರಾಮಯ್ಯ ಸಂಪುಟ ಎಡಗೈಗೆ 6, ಬಲಗೈಗೆ 6, ಉಳಿದೆಲ್ಲರಿಗೂ ಸೇರಿ 5 ಎಂದು ಬದಲಿಸಿತು. ಮುಂದಿನ ಚುನಾವಣೆಯಲ್ಲಿ ಕಮಲದ ಉಮೇದುವಾರ ಹುಲಿಹೈದರಕ್ಕೆ ಬಂದಾಗ ಅವನ ಕೈಯಲ್ಲಿ ಈ ಹೊಸ ಅಂಕಿಗಳಿರುತ್ತವೆ, ಬಾಯಲ್ಲಿ ನವಲಿ ಇರುತ್ತದೆ.